ಡೆಂಗಿಗಿಂತ ಘಾಟಿ ನಮ್ಮ ಬೀದಿ

ಮಳೆ ನಾಲ್ಕು ಹನಿ ಬಿದ್ದರೆ ಸಾಕು, ನಮ್ಮೂರಲ್ಲಿ ಸೊಳ್ಳೆಯೂ ಹುಟ್ತದೆ, ಅದರ ಹಿಂದೇನೇ ಸುಳ್ಳೂ ಹುಟ್ತದೆ. ಬೂಕನಕೆರೆ ಪಕ್ಕದ ಊರು ನಮ್ಮದು. ನಾನು ಓದಿರೋದು ಮೂರನೇ ಕ್ಲಾಸು. ಆದರೆ ಯಾರ ಮನೆ ಒಲೆ ಮೇಲೆ ಏನು ಬೇಯ್ತದೆ ಅಂತ ಜಗಲಿ ಮೇಲೆ ಕೂತೇ ಹೇಳ್ತೀನಿ. ಹೋದ ಮಳೆಗಾಲದ್ದು ಕೇಳಿ.

೧. ಡಾಕ್ಟರಮ್ಮನ ಪಾಠ

ಮಂಡಿನೋವಿನ ಮಾತ್ರೆಗೆ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರಮ್ಮ ಆಶಾ ಹುಡುಗೀರನ್ನ ಕೂರಿಸಿಕೊಂಡು ಡೆಂಗಿ ಪಾಠ ಮಾಡ್ತಿದ್ದಳು. ನಾನೂ ಬೆಂಚಿನ ತುದಿಗೆ ಒರಗಿದೆ.

ಸೊಳ್ಳೆ ಎಂಜಲಿನ ಜೊತೆ ವೈರಸ್ಸು ಚರ್ಮದೊಳಕ್ಕೆ ಇಳೀತದಂತೆ. ಅಲ್ಲಿ ಕಾವಲಿಗೆ ಅಂತಲೇ ಕೆಲವು ಕಣ ಇರ್ತಾವಂತೆ. ಇದು ನೇರ ಆ ಕಾವಲುಗಾರನ ಹೊಟ್ಟೆಯೊಳಗೇ ಬಿಡಾರ ಹೂಡ್ತದಂತೆ. ಕಳ್ಳ ಬಂದ ಅಂತ ಅಕ್ಕಪಕ್ಕದ ಕಣಗಳಿಗೆ ಕೂಗಿ ಹೇಳೋ ಏರ್ಪಾಟು ನಮ್ಮ ಮೈಯಲ್ಲೇ ಐತಂತೆ. ಅವು ಕೂಗೋಕೆ ಮುಂಚೆ ಇದು ಬಾಯಿಗೆ ಬಟ್ಟೆ ತುರುಕ್ತದಂತೆ. ಸಾಲದ್ದಕ್ಕೆ, ಮನೆಯವರ ಗುರುತನ್ನೇ ತಲೆ ಮೇಲೆ ಇಟ್ಟುಕೊಂಡು 'ನಾನೂ ಇಲ್ಲಿಯವನೇ' ಅಂತ ಓಡಾಡ್ತದಂತೆ.

"ತಡಿಯವ್ವ," ಅಂದೆ. "ಕಾವಲಿನವ್ನ ಬುಟ್ಟಿಗಾಕ್ಕೊಳ್ಳೋದು, ನೆರೆಯೋರ ಬಾಯಿ ಮುಚ್ಚೋದು, ಏನೂ ಆಗೇ ಇಲ್ಲ ಅನ್ನಂಗೆ ಓಡಾಡೋದು. ಇದನ್ನ ನಾನು ಕಂಡಿವ್ನಿ."

"ಎಲ್ಲಿ ಅಜ್ಜಿ, ಮೈಕ್ರೋಸ್ಕೋಪಲ್ಲಾ?"

"ಅಲ್ಲ ಕಣವ್ವ, ನಮ್ಮ ಬೀದಿ ಮೂಲೆ ಮನೇಲಿ. ಆ ವೈರಸ್ಸಿಗೆ ನಾವು ಯಜಮಾನಿ ಅಂತೀವಿ."

೨. ಸೀಮೆಸುಣ್ಣದ ಗುರುತು

ಆ ಯಜಮಾನಿಗೆ ಒಬ್ಬಳೇ ಮಗಳು. ಭಾನುವಾರ ನಾಗಮಂಗಲದಿಂದ ಗಂಡಿನ ಕಡೆಯವರು ನೋಡೋಕೆ ಬರೋರಿದ್ದರು. ಬುಧವಾರವೇ ಹುಡುಗಿಗೆ ಜ್ವರ. ಹಿತ್ತಲ ನೀರಿನ ತೊಟ್ಟೀಲಿ ಸೊಳ್ಳೆಮರಿ ಕುಣೀತಿದ್ದವು.

ಮಾರನೇ ದಿನ ಇಬ್ಬರು ಆಶಾ ಹುಡುಗೀರು ಬೀದಿ ಹಂಚಿಕೊಂಡು ಬಂದರು. ತೊಟ್ಟಿ, ಡ್ರಮ್ಮು ಇಣುಕಿ, ಜ್ವರ ಐತಾ ಅಂತ ಕೇಳಿ, ನೋಡಿದ ಮನೆ ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಕು ಬರೀತಾರೆ. ಯಜಮಾನಿ ನಮ್ಮ ಗೋಡೆ ಮೇಲಿದ್ದದ್ದನ್ನ ನೋಡಿಕೊಂಡು ಹೋಗಿ, ತನ್ನ ಗೋಡೆಗೆ ತಾನೇ ಅದೇ ತಾರೀಕು, ಅದೇ ಸೊಟ್ಟ ಅಕ್ಷರದಲ್ಲಿ ಬರೆದುಕೊಂಡಳು. ಹಿಂದಿನಿಂದ ಬಂದ ಹುಡುಗಿ, ಜೊತೆಯವಳು ನೋಡವಳೆ ಅಂತ ನಂಬಿ ಮುಂದಕ್ಕೆ ಹೋದಳು.

"ಏನಮ್ಮಿ, ನೀನ್ಯಾವಾಗ ಆಶಾ ಆದೆ?" ಅಂದೆ.

"ಸುಮ್ಕಿರು ದೊಡ್ಡವ್ವ. ಅವ್ಳಿಗೂ ಒಂದು ಮನೆ ಕೆಲ್ಸ ಉಳೀತು."

ಸಂಬಳ ಕೇಳದೆ ಸರ್ಕಾರಿ ಕೆಲಸ ಮಾಡಿದವಳು ನಮ್ಮ ತಾಲ್ಲೂಕಿಗೆಲ್ಲ ಅವಳೊಬ್ಬಳೇ.

೩. ಕಜ್ಜಾಯದ ಡಬ್ಬಿ

ನನ್ನ ಬಾಯಿ ಸುಮ್ಮನಿರಲ್ಲ ಅಂತ ಅವಳಿಗೆ ಗೊತ್ತು. ಶುಕ್ರವಾರ ಕಜ್ಜಾಯದ ಡಬ್ಬಿ ಹಿಡಿದು ಬಂದಳು.

"ದೊಡ್ಡವ್ವ, ಎಲ್ಲೂ ಅನ್ಬ್ಯಾಡ. ಡೆಂಗಿ ಅಂತ ಗೊತ್ತಾದ್ರೆ, ಹುಡ್ಗಿ ರೋಗಿಷ್ಟೆ ಅಂತ ನಾಗಮಂಗಲದೋರು ಅಂಗೇ ಹೊಂಟೋಯ್ತಾರೆ."

"ಮದ್ವೆಗೆ ಹುಡ್ಗಿ ಉಳೀಬೇಕಲ್ಲಮ್ಮಿ? ಆಸ್ಪತ್ರೆಗೆ ಕರ್ಕೊಂಡೋಗು."

"ಸೋಮವಾರ ಹೋಯ್ತೀನಿ, ನಿನ್ನಾಣೆ."

ಹಲ್ಲಿಲ್ಲದ ಬಾಯಿಗೆ ಕಜ್ಜಾಯ ಇಟ್ಟರೆ ಎರಡು ದಿನ ಮಾತು ಹೊರಡಲ್ಲ. ಪಾಕ ಗಟ್ಟಿ ಮಾಡಿಕೊಂಡೇ ತಂದಿದ್ದಳು, ಖದೀಮಿ.

೪. ಹೆಣ್ಣು ನೋಡೋ ಶಾಸ್ತ್ರ

ಭಾನುವಾರ ಬೆಳಗ್ಗೆ ಜ್ವರ ಇಳೀತು. ಯಜಮಾನಿ ದೇವರಿಗೆ ಕೈಮುಗಿದು ಮಗಳಿಗೆ ರೇಷ್ಮೆ ಸೀರೆ ಉಡಿಸಿದಳು. ಜ್ವರ ಇಳಿಯೋ ಹೊತ್ತಿಗೇ ಡೆಂಗಿಯ ಅಪಾಯ ಜಾಸ್ತಿ ಅಂತ ಡಾಕ್ಟರಮ್ಮ ಹೇಳಿದ್ದು ನನ್ನ ತಲೇಲಿ ಕೊರೀತಿತ್ತು. ಕರೆಯದಿದ್ದರೂ ಹೋಗಿ ಕೂತೆ.

ಹುಡುಗಿ ಕಾಫಿ ತಟ್ಟೆ ತಂದವಳು, ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದಳು. ಮುಖ ಬಿಳುಚಿತ್ತು, ತೋಳ ತುಂಬ ಕೆಂಪು ಚುಕ್ಕೆ.

"ನಾಚ್ಕೆ! ನಮ್ಮುಡ್ಗೀಗೆ ಬಲೇ ನಾಚ್ಕೆ!" ಅಂದಳು ಯಜಮಾನಿ.

ನನಗೆ ತಡೆಯಲಿಲ್ಲ. "ನಾಚ್ಕೆ ಅಲ್ಲ ಕಣ್ರಲಾ, ಡೆಂಗಿ! ಗಾಡಿ ತೆಗೀರಿ, ಹುಡ್ಗಿ ಜೀವ ಹೊಂಟೋಯ್ತದೆ!"

ಯಜಮಾನಿ ನನ್ನನ್ನ ನುಂಗೋ ಹಂಗೆ ನೋಡಿದಳು. ಆಗ ಗಂಡಿನ ಅಜ್ಜಿ ಮೆಲ್ಲಗೆ ಬಾಯಿಬಿಟ್ಟಳು: "ಗಾಡೀಲಿ ಜಾಗ ಇದ್ರೆ ನಮ್ಮುಡ್ಗನ್ನೂ ಕೂರಿಸ್ಕಳಿ. ಮೂರು ದಿನದಿಂದ ಜ್ವರದ ಮಾತ್ರೆ ನುಂಗ್ಸಿ ಎತ್ತಿ ನಿಲ್ಲಿಸವ್ರೆ."

ಗಂಡು ಕೋಟು ಹಾಕಿಕೊಂಡು ಬಂದದ್ದು ಶೋಕಿಗಲ್ಲ, ಚಳಿಗೆ.

೫. ಮಂಚದ ತಾವ ಮಾತುಕತೆ

ಕೆ.ಆರ್. ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಇಬ್ಬರನ್ನೂ ಸೇರಿಸಿದರು. ಜ್ವರ ಎಷ್ಟು ದಿನದಿಂದ ಅಂತ ಡಾಕ್ಟರು ಕೇಳಿದರೆ, "ಜ್ವರಾನಾ? ನಮ್ಮುಡ್ಗೀಗಾ? ಇಲ್ವೇ ಇಲ್ಲ" ಅಂತ ಈ ತಾಯಿ. "ನಮ್ಮುಡ್ಗ ಹುಟ್ಟಿದಾಗ್ಲಿಂದ ಜ್ವರಾನೇ ಕಂಡಿಲ್ಲ" ಅಂತ ಆ ತಾಯಿ. ರಕ್ತ ನೋಡಿದರೆ ಎರಡೂ ಡೆಂಗಿ.

ಹುಡುಗಿಗೆ ಎರಡು ದಿನ ಬಲು ಕಷ್ಟವಾಯಿತು. ಇನ್ನರ್ಧ ದಿನ ತಡ ಮಾಡಿದ್ದರೆ ಕೈಗೆ ಸಿಕ್ತಿರಲಿಲ್ಲ ಅಂದರು ಡಾಕ್ಟರು. ಯಜಮಾನಿ ಮೂಲೇಲಿ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಮೂರನೇ ದಿನ ಹುಡುಗಿ ಎದ್ದು ಕೂತು ಗಂಜಿ ಕುಡಿದಳು. ಗಂಡು ಡ್ರಿಪ್ಪಿನ ಕಂಬ ತಳ್ಳಿಕೊಂಡು ಅವಳ ಮಂಚದ ತಾವ ಬಂದ.

ಹುಡುಗಿ ಕೇಳಿದಳು: "ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಈಗ್ಲೇ ಹೇಳ್ಬುಡಿ."

"ನನ್ ಕೆಲ್ಸ ಪರ್ಮನೆಂಟಲ್ಲ, ಗುತ್ತಿಗೆ. ನಿಮ್ದು?"

"ಬಿ.ಕಾಂ. ಪಾಸಾಗಿಲ್ಲ. ಮೂರು ಸಬ್ಜೆಕ್ಟು ಬಾಕಿ ಅವೆ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ತಾಯಂದಿರಿಬ್ಬರೂ ಒಂದೇ ಉಸಿರಿಗೆ ಕೂಗಿದರು:

"ಡಾಕ್ಟ್ರೇ, ಬಿರ್ನೆ ಬನ್ನಿ! ಮಕ್ಕಳಿಗೆ ಜ್ವರ ತಲೆಗೇರ್ಬುಟ್ಟೈತೆ, ಏನೇನೋ ಬಡಬಡಿಸ್ತಾವೆ!"