ಭಾವನ ಮೇಲೆ ನನ್ನ ದಯೆ

ಒಳ್ಳೆಯವರ ಜೊತೆ ಒಳ್ಳೆಯವರಾಗಿರುವುದು ಏನು ಮಹಾ? ದನಕ್ಕೆ ಬಾಳೆಹಣ್ಣು ಕೊಟ್ಟಷ್ಟೇ ಸುಲಭ. ದಯೆಯ ನಿಜವಾದ ಪರೀಕ್ಷೆ ಕಿರಿಕಿರಿ ಜನರ ಎದುರು. ಅಂಥವರನ್ನು ಸಹಿಸಿಕೊಳ್ಳುವ ಗುಣ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನಾಗಿ ಹೇಳಿಕೊಳ್ಳುವುದಿಲ್ಲ. ಬೇರೆಯವರು ಹೇಳಲಿ ಎಂದು ಕಾಯುತ್ತಿದ್ದೇನೆ. ಕುಂಬ್ರದಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಮೊಳೆ ಕೊಂಡುಹೋಗಿ, ಗೋಡೆಗೆ ಹೊಡೆದು, ಬಗ್ಗಿಸಿ, ವಾಪಸು ತರುವ ಗಿರಾಕಿಗಳು ಬೇಕಾದಷ್ಟು. ಅವರನ್ನೂ ನಾನು "ಮೊಳೆಗೆ ತಲೆ ಯಾವುದು ಅಂತ ಗೊತ್ತುಂಟಾ ನಿಮಗೆ?" ಎಂದು ಎಷ್ಟು ಸಮಾಧಾನದಿಂದ ಕೇಳುತ್ತೇನೆ!

ಆದರೆ ನನ್ನ ಹೆಂಡತಿ ಸರೋಜಳ ಅಣ್ಣ, ಸುಳ್ಯದ ಕುಶಾಲಪ್ಪ ಭಾವ, ಯಾವ ಸಮಾಧಾನಕ್ಕೂ ಬಗ್ಗುವ ಜನವಲ್ಲ. ನಮ್ಮ ಮಗಳು ಶ್ರಾವ್ಯಳ ನಿಶ್ಚಿತಾರ್ಥದ ದಿನ ಸಾರಿನ ಬಾಲ್ದಿ ಹಿಡಿದು ಬಡಿಸುತ್ತಿದ್ದರು. ಕ್ಯಾಟರಿಂಗ್‌ನವರು ಎಷ್ಟೇ ಇರಲಿ, ಹತ್ತಿರದ ನೆಂಟರು ಸೊಂಟಕ್ಕೆ ಬೈರಾಸು ಟವೆಲು ಕಟ್ಟಿ ಒಂದು ಸುತ್ತಾದರೂ ಬಡಿಸದಿದ್ದರೆ ನಮ್ಮಲ್ಲಿ ಊಟಕ್ಕೆ ಮರ್ಯಾದೆ ಇಲ್ಲ. ನಾನು ಅವರ ಹಿಂದೆಯೇ ನಡೆಯುತ್ತಾ, "ಭಾವ, ಸೌಟು ಸ್ವಲ್ಪ ತಗ್ಗಿಸಿ. ಅನ್ನದ ಗುಂಡಿಗೆ ಬೀಳ್ಬೇಕು, ಎಲೆಯಿಂದ ಓಡಬಾರದು" ಎಂದೆ. ಅದೂ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಮಾತ್ರ. ಬಾಲ್ದಿಯನ್ನು ನನ್ನ ಕೈಗೆ ಕೊಟ್ಟು, ಉಣ್ಣದೆ ಹೋದವರು ಆಮೇಲೆ ನನ್ನ ಫೋನು ಎತ್ತಲಿಲ್ಲ. ಇಷ್ಟು ಸಣ್ಣ ಮಾತಿಗೆ!

ಹೋಗಲಿ ಎನ್ನುವ ಹಾಗೂ ಇರಲಿಲ್ಲ. ನಮ್ಮ ಮನೆತನದಲ್ಲಿ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಶ್ರಾವ್ಯ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಮಾವ ಬಾರದಿದ್ರೆ ನಾನು ಮಂಟಪಕ್ಕೆ ಬರುದಿಲ್ಲ. ಬೇಕಾದ್ರೆ ನೀವೇ ಹೋಗಿ ಕೂತ್ಕೊಳ್ಳಿ ಅಪ್ಪ." ನಗಾಡೋಣ ಎಂದರೆ ಅವಳ ಕಣ್ಣಲ್ಲಿ ನೀರು. ನನಗೆ ನಿಜವಾಗಿ ಹೆದರಿಕೆಯಾಯಿತು. ಕುಶಾಲಪ್ಪ ಭಾವನಿಗೆ ದಯೆ ತೋರಿಸುವುದೆಂದು ಅಂದೇ ನಿರ್ಧರಿಸಿದೆ.

ಮದುವೆಗೆ ಕರೆಯಲು ಕಾರಿನಲ್ಲಿ ಸುಳ್ಯಕ್ಕೆ ಹೊರಟಾಗ ಸರೋಜ ದಾರಿಯುದ್ದಕ್ಕೂ ಪಾಠ ಮಾಡಿದಳು.

"ಕಿರಿಕಿರಿ ಜನರ ಹತ್ರ ವಾದ ಮಾಡ್ಲಿಕ್ಕುಂಟಾ? ಅವರು ಎಂತ ಹೇಳಿದ್ರೂ 'ನೀವು ಹೇಳಿದ್ದೇ ಸರಿ' ಅನ್ನುದು. ಕುಡೀಲಿಕ್ಕೆ ಎಂತಾದ್ರೂ ಕೊಡುದು. ಅಷ್ಟೇ."

"ಇದೆಲ್ಲ ಎಲ್ಲಿ ಕಲಿತದ್ದು ನೀನು?"

"ಅನುಭವ" ಎಂದು ಅವಳು ಕಿಟಕಿಯ ಹೊರಗೆ ನೋಡಿದಳು.

ಜಗಲಿ ಹತ್ತುತ್ತಲೇ ಭಾವ, "ಬನ್ನಿ ಭಾವ, ಬನ್ನಿ" ಎಂದು ಫ್ಯಾನಿನ ಅಡಿಯ ಬೆತ್ತದ ಕುರ್ಚಿ ತೋರಿಸಿದರು. ಆ ಮನೆಯಲ್ಲಿ ಅದು ನನಗೇ ಮೀಸಲು. ಅಳಿಯನೆಂದರೆ ಗೌರವ ಇರುತ್ತದಲ್ಲ. ಬೆಲ್ಲ, ನೀರು ಬಂತು. ಬೆನ್ನಿಗೇ ಪುನರ್ಪುಳಿ ಶರಬತ್ತೂ ಬಂತು. ನಾನು ದಯೆ ಶುರುಮಾಡಿದೆ.

"ಈ ಸಲ ಸೆಕೆ ಜೋರುಂಟು" ಎಂದರು ಭಾವ.

"ನೀವು ಹೇಳಿದ್ದೇ ಸರಿ" ಎಂದೆ.

ಭಾವ ನನ್ನ ಮುಖವನ್ನು ಅನುಮಾನದಿಂದ ನೋಡಿದರು. "ಆದ್ರೂ ಹೋದ ವರ್ಷದಷ್ಟು ಇಲ್ಲ ಅಂತ ನೀವು ಹೇಳ್ಬಹುದು. ನೀವು ಹೇಳಿದ್ದೇ ಸರಿ" ಎಂದರು.

ನಾನು ಹೇಳಿಯೇ ಇರಲಿಲ್ಲ! ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಸರಿ ಮಾಡುತ್ತಾ ಬೆವರಿದೆವು. ಜಗಳವೇ ಇದಕ್ಕಿಂತ ಸುಲಭ ಮಾರಾಯ್ರೆ. ಕೊನೆಗೆ ನಾನು ಎದ್ದು ನಿಂತು, "ಭಾವ, ಮದುವೆಗೆ ಮನೆಯವರೆಲ್ಲ ಬಂದು ಚಂದಗಾಣಿಸಿ ಕೊಡಬೇಕು. ಶ್ರಾವ್ಯಳ ಕೈ ಹಿಡೀಲಿಕ್ಕೆ ನೀವೇ ಆಗಬೇಕು" ಎಂದೆ. ಭಾವನೂ ಎದ್ದು ನಿಂತರು. "ಅದೆಂತ ಹೇಳುದು ನೀವು? ನಾನು ಬಾರದೆ ಇರ್ತೇನಾ?" ಎಂದರು. ಅಬ್ಬ! ದಯೆ ಗೆದ್ದಿತು ಎಂದು ನನ್ನ ಎದೆ ಉಬ್ಬಿತು.

ಆಗ ಒಳಗಿನಿಂದ ನನ್ನ ಅತ್ತೆ ಬಂದರು. ಅವರಿಗೆ ಕಿವಿ ಮಂದ. ಹಾಗಾಗಿ ಗುಟ್ಟನ್ನೂ ಓಣಿಗೆ ಕೇಳುವಷ್ಟು ಜೋರಾಗಿ ಹೇಳುತ್ತಾರೆ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಮಗನನ್ನು ಕೇಳಿದರು: "ಎಂತ ಕುಶಾಲ, ಭಾವ ಬಂದು ಇಷ್ಟು ಹೊತ್ತಾಯ್ತು, ಇನ್ನೂ ಯಾವುದಕ್ಕೂ ಕೊಂಕು ತೆಗೀಲಿಲ್ಲ! ಮೈಗೆ ಹುಷಾರಿಲ್ವಾ ಅವರಿಗೆ?"

"ಅಮ್ಮ, ಸುಮ್ಮನಿರಿ" ಎಂದು ಭಾವ ಹಲ್ಲು ಕಚ್ಚಿದರು.

"ನೀನೇ ಅಲ್ವಾ ಹೇಳಿದ್ದು? ಆ ಕುರ್ಚಿ ಕೊಡಿ, ಶರಬತ್ತು ಕೊಡಿ, ಹೇಳಿದ್ದಕ್ಕೆಲ್ಲ ಸರಿ ಅನ್ನಿ, ಪಾಪದ ಜನ, ಬಾಯಿ ಮಾತ್ರ ಹಾಗೆ ಅಂತ!"

ಭಾವ ಫ್ಯಾನನ್ನು ನೋಡಿದರು. ಸರೋಜ ತನ್ನ ಬಳೆ ನೋಡಿದಳು. ನಾನು ಆ ಕುರ್ಚಿಯನ್ನು ನೋಡಿದೆ. ಮದುವೆಯಾದಂದಿನಿಂದ ಅದರಲ್ಲಿ ಎಷ್ಟು ಠೀವಿಯಿಂದ ಕೂತಿದ್ದೆ!

ಹಿಂದಿರುಗುವಾಗ ಕಾರು ಜಾಲ್ಸೂರು ದಾಟಿತು. ಆಮೇಲೆ ತಡೆಯಲಾರದೆ ಕೇಳಿದೆ: "ಸರೋಜ, ನಾನು ಅಷ್ಟೆಲ್ಲ ಕಿರಿಕಿರಿ ಜನ ಅಲ್ಲ ಅಲ್ವಾ?"

"ನೀವು ಹೇಳಿದ್ದೇ ಸರಿ" ಎಂದು ಅವಳು ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು.

ನೀರು ಬಿಸಿಲಿಗೆ ಕಾದು ಬಿಸಿಯಾಗಿತ್ತು. ಹೇಳಬೇಕೆಂದು ಬಾಯಿ ತೆರೆದವನು, ಸುಮ್ಮನೆ ಕುಡಿದೆ.