ದೇವರ ಮನೆಯಲ್ಲಿ ಮೇನ್ ಸ್ವಿಚ್ಚು

ಬಾಡಿಗೆ ಮನೆಯಲ್ಲಿ ಇರುವವರಿಗೆ ಕರೆಂಟು ಎರಡು ಕಡೆಯಿಂದ ಹೊಡೆಯುತ್ತದೆ. ಒಂದು ಗೋಡೆಯಿಂದ, ಇನ್ನೊಂದು ಓನರ ಬಾಯಿಂದ. ನನಗೆ ಎರಡೂ ತಪ್ಪಲಿಲ್ಲ. ಹೊಟ್ಟೆಪಾಡಿಗೆ ನಾನು ತಮಿಳುನಾಡಿನ ಗಡಿಯ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಹಗಲೆಲ್ಲ ಅಲ್ಲಿ ಆನೆಯಂಥ ಮಷೀನುಗಳ ಹೊಟ್ಟೆಯೊಳಗೆ ಕೈ ಹಾಕುತ್ತಿದ್ದವನು, ಸಂಜೆ ಮನೆಗೆ ಬಂದರೆ ಬಚ್ಚಲ ಗೋಡೆಗೆ ಹೆದರಿ ದೂರ ನಿಲ್ಲಬೇಕಿತ್ತು.

ಅದು ಎಂಬತ್ತರ ದಶಕದ ಶುರು. ಫ್ಯಾಕ್ಟರಿಗಳು ಒಂದರ ಹಿಂದೊಂದು ಬಂದವು. ತಳಿ ಊರಿನ ಕಡೆಯ ಹಳ್ಳಿಗಳಿಂದ ನನ್ನಂಥವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಸ್ಸಿಳಿದರು. ಹೊಸೂರಿನ ಮಗ್ಗುಲ ಅವಲಪಲ್ಲಿಯಲ್ಲಿ ರಾಗಿ ಹೊಲವಿದ್ದವರು ಹೊಲದ ಅಂಚಿಗೆ ಸಾಲುಮನೆ ಕಟ್ಟಿ ಓನರಾದರು. ನಮ್ಮ ಓನರೂ ಹಾಗೆ ಆದವರೇ. ಒಳ್ಳೆಯ ಮನುಷ್ಯ. ಅವರೆಕಾಯಿ ಕಾಲದಲ್ಲಿ ಮೊರದ ತುಂಬ ಕಾಯಿ ಕೊಡುತ್ತಿದ್ದರು. ವೈರಿನ ಮಾತೆತ್ತಿದರೆ ಮಾತ್ರ ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಮೂರನೇ ತೂತು

ಮನೆ ನೋಡಲು ಹೋದ ದಿನವೇ ನಾನು ಅಭ್ಯಾಸಬಲದಿಂದ ಪ್ಲಗ್ಗಿನ ಮುಚ್ಚಳ ಬಿಚ್ಚಿದೆ. ಹೊರಗೆ ಮೂರು ತೂತು, ಒಳಗೆ ಎರಡೇ ವೈರು. ಅರ್ತಿನ ವೈರೇ ಇಲ್ಲ.

"ಅಣ್ಣಾ, ಈ ಮೂರನೇ ತೂತಿಗೆ ವೈರ್ ಎಲ್ಲಿ?"

"ಯಾಕಪ್ಪ, ಎರಡರಾಗೇ ಲೈಟ್ ಉರೀತದಲ್ಲ?"

"ಅದು ಮೈಗೆ ಶಾಕ್ ಹೊಡೀದೇ ಇರೋಕೆ ಅಣ್ಣಾ."

"ಅಂಗ್ಡೀಲಿ ಪ್ಲಗ್ಗು ಹಂಗೇ ಬತ್ತದೆ ಕಣಪ್ಪ. ನಿಂಗೆ ನೋಡಕ್ಕೆ ಬೇಜಾರಾದ್ರೆ ಯೋಳು, ಒಸಿ ಸಿಮೆಂಟ್ ಮೆತ್ತಿ ಮುಚ್ಚುಸ್ತೀನಿ."

ಆಗಲೇ ಎದ್ದು ಬರಬೇಕಿತ್ತು. ಆದರೆ ಬೇರೆ ಕಡೆ ಮನೆ ಸಿಗುತ್ತಿರಲಿಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ಕೇಳಿದೆ, "ಮೇನ್ ಸ್ವಿಚ್ ಎಲ್ಲಿದೆ ಅಣ್ಣಾ?"

"ನಮ್ಮ ದ್ಯಾವ್ರ ಮನೇಲಿ."

ಅವರ ಮನೆಗೆ ಮೊದಲು ಕರೆಂಟು ಬಂದಾಗ, ಬೆಳಕು ಅಂದರೆ ಲಕ್ಷ್ಮಿ, ಮೊದಲು ದೇವರ ಮನೆಗೇ ಇಳಿಯಬೇಕು ಅಂತ ಓನರ ತಾಯಿ ಹಟ ಹಿಡಿದರಂತೆ. ಸಾಲುಮನೆ ಎದ್ದ ಮೇಲೆ ನಮಗೆಲ್ಲ ವೈರು ಎಳೆದದ್ದೂ ಅಲ್ಲಿಂದಲೇ. ಹೀಗಾಗಿ ನಮ್ಮೆಲ್ಲರ ಪ್ರಾಣ ವೆಂಕಟರಮಣನ ಪಟದ ಪಕ್ಕ, ಅರಿಶಿನ ಕುಂಕುಮ ಬಳಿದುಕೊಂಡು, ಕಬ್ಬಿಣದ ಡಬ್ಬಿಯಲ್ಲಿ ಕೂತಿತ್ತು.

ಕಚ್ಚುವ ಗೋಡೆ

ಮಳೆ ಹಿಡಿದ ಮೇಲೆ ಒಂದು ದಿನ ನನ್ನ ಮಗಳು ಬಚ್ಚಲಿಂದ ಅಳುತ್ತಾ ಓಡಿ ಬಂದಳು. ಆಗಿನ್ನೂ ಸ್ಕೂಲಿಗೆ ಸೇರಿರಲಿಲ್ಲ.

"ಅಪ್ಪಾ, ಗೋಡೆ ಕಚ್ತು!"

ಟೆಸ್ಟರ್ ಇಟ್ಟು ನೋಡಿದೆ. ಗೋಡೆಗೆ ಇಟ್ಟರೆ ದೀಪ, ನಲ್ಲಿಗೆ ಇಟ್ಟರೂ ದೀಪ. ಓನರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದೆ. ಅವರು ಗೋಡೆಯ ಮೇಲೆ ಅಂಗೈ ಇಟ್ಟು, ಎಮ್ಮೆಯ ಬೆನ್ನು ಸವರಿದ ಹಾಗೆ ಸವರಿದರು.

"ಎಲ್ಲಪ್ಪ? ನಂಗೇನೂ ಹೊಡೀತಿಲ್ವಲ್ಲ."

"ಚಪ್ಪಲಿ ಬಿಟ್ಟು ಮುಟ್ಟಿ ಅಣ್ಣಾ."

ರಬ್ಬರ್ ಚಪ್ಪಲಿ ಬಿಟ್ಟರು. ಮುಟ್ಟಿದರು. "ಅಯ್ಯಯ್ಯಪ್ಪೋ!" ಅಂತ ಅವರು ನೆಗೆದ ನೆಗೆತಕ್ಕೆ ಹಂಡೆಯ ಮೇಲಿನ ಮುಚ್ಚಳ ಉರುಳಿ ಅಂಗಳದವರೆಗೂ ಹೋಯಿತು.

"ಕಂಡುಬುಟ್ಟೆ ಕಣಪ್ಪ! ದೋಸ ಎಲ್ಲೈತೆ ಅಂತ ಈಗ ತಿಳೀತು. ನಾಳೆನೇ ಸರಿ ಮಾಡುಸ್ತೀನಿ."

ನನಗೆ ಹೋದ ಜೀವ ಬಂದಂತಾಯಿತು. ಮಾರನೆಯ ದಿನ ಮಾತಿನಂತೆ ಸಂತೆಗೆ ಹೋಗಿ ಬಂದರು. ನನ್ನ ಮಗಳ ಅಳತೆಗೆ ಒಂದು ಜೊತೆ ಹವಾಯಿ ಚಪ್ಪಲಿ ತಂದಿದ್ದರು. ರಿಪೇರಿ ಮುಗಿಯಿತು.

ಹೋಗದ ಫ್ಯೂಸು

ಪಕ್ಕದ ಮನೆಯ ಮೇಷ್ಟ್ರು ಒಂದು ಸಂಜೆ ಇಸ್ತ್ರಿಪೆಟ್ಟಿಗೆ ಹಾಕಿದ್ದೇ ತಡ, ಸ್ವಿಚ್ ಬೋರ್ಡಿನಿಂದ ಹೊಗೆ. ವೈರು ಪಟಪಟ ಅನ್ನುತ್ತಿದೆ. ಇಂಥ ಹೊತ್ತಿಗೆ ಫ್ಯೂಸು ತಾನಾಗಿ ಹೋಗಬೇಕು, ಹೋಗಲಿಲ್ಲ. ಮೇನ್ ಆಫ್ ಮಾಡಲು ನಾನು ಓನರ ಮನೆಗೆ ಓಡಿದೆ. ದೇವರ ಮನೆಯ ಬಾಗಿಲಲ್ಲಿ ಓನರ ತಾಯಿ, ನಮಗೆಲ್ಲ ಅಜ್ಜಿ, ಹೂವು ಕಟ್ಟುತ್ತಾ ಕೂತಿದ್ದರು. ಅಡ್ಡ ಕೈ ಹಿಡಿದರು.

"ತಾನ ಆಗೈತೇನ್ಲಾ?"

"ಅಜ್ಜೀ, ವೈರ್ ಉರೀತಿದೆ!"

"ಉರೀಲಿ. ಫ್ಯಾಕ್ಟ್ರಿ ಮೈಲಿಗೆ ಮೈಯಾಗೆ ಒಳೀಕ್ ಹೋಗ್ಬ್ಯಾಡ. ಬಾವಿತಾವ ಎರಡು ಬಿಂದಿಗೆ ಹುಯ್ಕೊಂಡ್ ಬಾ."

ವಾದ ಮಾಡುವುದಕ್ಕಿಂತ ಸ್ನಾನವೇ ಬೇಗ ಆಗುತ್ತಿತ್ತು. ಹಾಕಿದ ಬಟ್ಟೆಯಲ್ಲೇ ಸುರಿದುಕೊಂಡು, ತೊಟ್ಟಿಕ್ಕುತ್ತಾ ಬಂದು ನಿಂತೆ. ಒದ್ದೆ ಮೈಯಲ್ಲಿ ಮೇನ್ ಮುಟ್ಟಬೇಡ ಅಂತ ಫ್ಯಾಕ್ಟರಿಯ ಪಾಠ. ಒದ್ದೆಯಾಗದೆ ಮುಟ್ಟಬೇಡ ಅಂತ ಅಜ್ಜಿಯ ಪಾಠ. ಕೊನೆಗೆ ಕೋಲಿಂದ ಹಿಡಿ ತಳ್ಳಿ ಆಫ್ ಮಾಡಿದೆ. ಅಷ್ಟರಲ್ಲಿ ಮೇಷ್ಟ್ರ ಬೋರ್ಡು ಸುಟ್ಟು ಇದ್ದಿಲಾಗಿತ್ತು.

ಮೈ ಒರೆಸಿಕೊಂಡು ಫ್ಯೂಸು ಕಿತ್ತು ನೋಡಿದರೆ, ಕೂದಲೆಳೆಯಂಥ ತಂತಿ ಇರಬೇಕಾದ ಕಡೆ ಬೇಲಿ ತಂತಿ!

"ನಾನೇ ಹಾಕ್ದೆ" ಅಂದರು ಓನರು, ಹೆಮ್ಮೆಯಿಂದ. "ಅಂಗ್ಡೀದು ಮಾತೆತ್ತಿದ್ರೆ ಹೋಗ್ಬುಡ್ತಿತ್ತು. ಇದನ್ನ ಹಾಕಿದ್ ಮ್ಯಾಲೆ ಮನೇನೇ ಉರುದ್ರೂವೆ ಫೀಜು ಹೋಗಾಕಿಲ್ಲ."

ಆಫೀಸರ ತಪಾಸಣೆ

ಇನ್ನು ತಾಳಲಾರದೆ ಕರೆಂಟ್ ಆಫೀಸಿಗೆ ಹೋಗಿ ದೂರು ಹೇಳಿ ಬಂದೆ. ತಮಿಳು ಮಾತಾಡುವ ಆಫೀಸರೊಬ್ಬರು ಗಂಭೀರವಾಗಿ ಬಂದರು. ಅಜ್ಜಿ ಅವರ ಭಾಷೆಯಲ್ಲೇ ಬಾಗಿಲು ಕಾದರು.

"ಕುಳಿಚ್ಚಿಯಾಪ್ಪಾ?"

ಸ್ನಾನ ಆಗಿದೆಯಾ ಅಂತ ಆಫೀಸರನ್ನು ಅದುವರೆಗೆ ಯಾರೂ ಕೇಳಿರಲಿಕ್ಕಿಲ್ಲ. ಅವರು ನಾಚಿಕೊಂಡು, "ಇಲ್ಲೆಮ್ಮಾ" ಅಂದು ಹೊಸ್ತಿಲಾಚೆಯೇ ನಿಂತರು. ಅಲ್ಲಿಂದ ಅವರಿಗೆ ಕಂಡದ್ದು ಪಟ, ಹೂವು, ನಂದಾದೀಪ. ಕೈಮುಗಿದು, ಮಜ್ಜಿಗೆ ಕುಡಿದು ಹೊರಟರು. ನಾನು ಹಿಂದೆಯೇ ಓಡಿ ಹೇಗಿದೆ ಸಾರ್ ಅಂತ ಕೇಳಿದೆ.

"ಸಾಮಿ ಪಡಂ ರೊಂಬ ನಲ್ಲಾ ಇರುಕ್ಕು" ಅಂದರು. ದೇವರ ಪಟ ಬಹಳ ಚೆನ್ನಾಗಿದೆಯಂತೆ.

ಸ್ನಾನ ಆದವರು

ಇಷ್ಟರಲ್ಲಿ ನನ್ನ ಹೆಂಡತಿ ಹಟ ಹಿಡಿದಳು. "ಮಗೂಗೆ ಏನಾದ್ರೂ ಆಗೋಕ್ ಮುಂಚೆ ಊರಿಗೆ ಹೋಗ್ಬುಡಾಣ." ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಗಂಟುಮೂಟೆ ಕಟ್ಟಲು ಶುರು ಮಾಡಿದೆವು. ಆ ಭಾನುವಾರ ಬೆಳಿಗ್ಗೆ ಅಂಗಳದಿಂದ ಒಂದು ಸದ್ದು ಬಂತು. "ಗ್ಗ್ಗ್ಗ್ಗ್..."

ಹೊರಗೆ ಬಂದು ನೋಡಿದರೆ ಓನರು. ಸ್ನಾನ ಮುಗಿಸಿ, ಬರಿಗಾಲಲ್ಲಿ ಬಂದು, ಒದ್ದೆ ಪಂಚೆಯನ್ನು ಕಬ್ಬಿಣದ ತಂತಿಗೆ ಹರವಿದ್ದಾರೆ. ಆ ತಂತಿಯನ್ನು ಅವರೇ ನಮ್ಮ ಮನೆಗಳಿಗೆ ಬರುವ ಹಳೇ ವೈರಿಗೆ ಒತ್ತಿಕೊಂಡ ಹಾಗೆ ಬಿಗಿದಿದ್ದರು. ಈಗ ಕೈ ತಂತಿಗೆ ಅಂಟಿಕೊಂಡಿದೆ, ಮೈಯೆಲ್ಲ ನಡುಗುತ್ತಿದೆ.

ದೇವರ ಮನೆಗೆ ಓಡಿದೆ. ಬಾಗಿಲಲ್ಲಿ ಅಜ್ಜಿ.

"ತಾನ ಆಗೈತೇನ್ಲಾ?"

"ಅಜ್ಜೀ! ಈ ಹಟ್ಟೀಲಿ ಸ್ನಾನ ಆಗಿರೋನು ನಿನ್ ಮಗ ಒಬ್ಬನೇ! ಅವನೇ ಅಲ್ಲಿ ಅಂಟ್ಕೊಂಡವ್ನೆ!"

ಅಜ್ಜಿ ಅಂಗಳದ ಕಡೆ ನೋಡಿದರು. "ಅಯ್ಯೋ ನನ್ ಕಂದಾ" ಅಂತ ಚೀರಿ ಹೂವಿನ ಬುಟ್ಟಿ ಸಮೇತ ಪಕ್ಕಕ್ಕೆ ಸರಿದರು. ನಾನು ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ ಮೇನ್ ಎಳೆದೆ. ಹೊರಗೆ ದೊಪ್ಪೆಂದು ಸದ್ದಾಯಿತು.

ಓನರು ತುಳಸಿಕಟ್ಟೆಗೆ ಒರಗಿ ಕೂತಿದ್ದರು. ಕೂದಲು ನೆಟ್ಟಗೆ ನಿಂತಿತ್ತು. ನೀರು ಕುಡಿಸಿದೆ. ಕಣ್ಣು ಬಿಟ್ಟು, ನನ್ನ ಕಾಲು ನೋಡಿ, ಮೊದಲು ಆಡಿದ ಮಾತು: "ಚಪ್ಲಿ ಹಾಕ್ಕೊಂಡು ದ್ಯಾವ್ರ ಮನೇಗೆ ಹೋಗಿದ್ಯೇನ್ಲಾ?"

ಬೈದರೂ ಬುದ್ಧಿ ಬಂದಿತ್ತು. ಅದೇ ವಾರ ಹೊಸ ವೈರು ಎಳೆಸಿದರು. ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ ಅರ್ತ್ ಹಾಕಿಸಿದರು. ಮೇನ್ ಸ್ವಿಚ್ಚನ್ನು ದೇವರ ಮನೆಯಿಂದ ಕಿತ್ತು, ಯಾರು ಬೇಕಾದರೂ ಓಡಿ ಬಂದು ಮುಟ್ಟುವ ಹಾಗೆ ಹೊರಜಗುಲಿಯ ಗೋಡೆಗೆ ಹಾಕಿಸಿದರು. ಮಗಳು ಬರಿಗಾಲಲ್ಲಿ ಬಚ್ಚಲ ಗೋಡೆ ಮುಟ್ಟಿ, "ಈಗ ಕಚ್ಚಲ್ಲಪ್ಪಾ" ಅಂದಾಗ ನನ್ನ ಕಣ್ಣಲ್ಲಿ ನೀರೇ ಬಂತು. ಕಟ್ಟಿದ ಗಂಟು ಬಿಚ್ಚಿದೆವು.

ಮಾರನೆಯ ದಿನ ಶಿಫ್ಟ್ ಮುಗಿಸಿ ಬಂದೆ. ಹೊಸ ಮೇನನ್ನು ಒಂದು ಸಲ ಆಫ್ ಮಾಡಿ ನೋಡೋಣ ಅಂತ ಜಗುಲಿ ಹತ್ತಿದೆ. ಡಬ್ಬಿಗೆ ಸೇವಂತಿಗೆ ಹಾರ, ಮೂರು ಬೆರಳು ವಿಭೂತಿ. ಕೆಳಗೆ ರಂಗೋಲಿ, ದೀಪ, ಒಡೆದ ತೆಂಗಿನಕಾಯಿ. ಪಕ್ಕದಲ್ಲಿ ಅಜ್ಜಿ ಹೂವು ಕಟ್ಟುತ್ತಾ ಕೂತಿದ್ದಾರೆ.

"ಇದೇನಜ್ಜಿ?"

"ನನ್ ಮಗನ್ ಜೀವ ಉಳುಸಿದ್ ದ್ಯಾವ್ರು ಕಣ್ಲಾ ಇದು" ಅಂದರು ಅಜ್ಜಿ, ಕಣ್ಣೊರೆಸಿಕೊಳ್ಳುತ್ತಾ. ನಾನು ಕೈ ಚಾಚಿದೆ. ಅವರ ಕೈ ಅಡ್ಡ ಬಂತು.

"ತಾನ ಆಗೈತೇನ್ಲಾ?"