ಕರಡಿ ಜೊತೆ ತಿಂಡಿಗೆ ಹೊರಟದ್ದು

ನಮ್ಮ ಮನೆಯಲ್ಲಿ ಒಂದು ಸಂತೋಷದ ಕೆಲಸ ನಿಶ್ಚಯವಾಯಿತು ಅಂದರೆ ಸಾಕು, ಅದು ಆಗುವುದರೊಳಗೆ ಆಗಬಾರದ್ದೆಲ್ಲ ಆಗಿ ನಕ್ಕು ಮುಗಿದಿರುತ್ತದೆ. ನಮ್ಮ ಮನೆಯವರು ಒಮ್ಮೆ ಗೆಳೆಯನ ಮಗನ ಮದುವೆಗೆಂದು ಹೋಗಿ, ಪಕ್ಕದ ಹಾಲ್‌ನಲ್ಲಿ ಯಾರದೋ ಮದುವೆಯ ಊಟ ಮುಗಿಸಿ, ವಧೂವರರಿಗೆ ಆಶೀರ್ವಾದ ಮಾಡಿ, ಉಡುಗೊರೆಯನ್ನೂ ಕೊಟ್ಟು ಬಂದಿದ್ದಾರೆ. ಹೀಗಿರುವಾಗ ಐದು ವರ್ಷದ ಮೊಮ್ಮಗಳನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಿ ಕರಡಿ ಜೊತೆ ತಿಂಡಿ ತಿನ್ನಿಸುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂದರೆ ಏನಾಗಬೇಡ!

ಕ್ಯಾರೆಕ್ಟರ್ ಪ್ರಶ್ನೆ

ನಾವಿರುವುದು ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ. ಮಗ, ಸೊಸೆ, ಮೊಮ್ಮಗಳು, ಮತ್ತೆ ನಾವಿಬ್ಬರು. ನಮ್ಮ ಮನೆಯವರು ವಿಜಯಪುರದಿಂದ ಬಂದು ಲಂಡನ್ನಿನ ಕೆಂಪು ಬಸ್ಸು ಓಡಿಸಿ ನಿವೃತ್ತರಾದವರು. ಊರು ಬಿಟ್ಟರೂ ಊರ ಮಾತು ಬಿಟ್ಟವರಲ್ಲ. ಸೊಸೆ ಬೆಂಗಳೂರಿನವಳು. ಮೊಮ್ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತನ್ನು ನಾನಿಲ್ಲಿ ಕನ್ನಡ ಮಾಡಿಯೇ ಬರೆಯುತ್ತೇನೆ.

ಒಂದು ಸಂಜೆ ಸೊಸೆ ಲ್ಯಾಪ್‌ಟಾಪ್ ಮುಚ್ಚುತ್ತ, "ಅತ್ತೆ, ಇವಳ ಕ್ಲಾಸಿನವರೆಲ್ಲ ಪಾರ್ಕಲ್ಲಿ ಕ್ಯಾರೆಕ್ಟರ್ ಬ್ರೇಕ್‌ಫಾಸ್ಟಿಗೆ ಹೋಗಿ ಬಂದಿದ್ದಾರಂತೆ. ಇವಳೂ ಒಂದೇ ಸಮ ಕೇಳ್ತಿದ್ದಾಳೆ. ಸ್ಕೂಲಿನ ಹಾಫ್ ಟರ್ಮ್ ರಜದಲ್ಲಿ ನಮ್ಮಿಬ್ಬರಿಗೂ ಆಫೀಸಿಂದ ರಜಾ ಸಿಗಲ್ಲ. ನೀವೂ ಮಾವನೂ ಕರ್ಕೊಂಡು ಹೋಗ್ತೀರಾ?" ಅಂದಳು. ಮೊಮ್ಮಗಳು ಸೋಫಾದ ಮೇಲೆ ನಿಂತು ಆಗಲೇ ಕುಣಿಯುತ್ತಿದ್ದಳು.

ನಮ್ಮ ಮನೆಯವರು ಪೇಪರ್ ಕೆಳಗಿಟ್ಟರು. "ಕ್ಯಾರೆಕ್ಟರ್ ಬ್ರೇಕ್‌ಫಾಸ್ಟ್ ಅಂದ್ರ? ಕ್ಯಾರೆಕ್ಟರ್ ಚಲೋ ಇದ್ದವರಿಗೆ ಅಷ್ಟ ನಾಷ್ಟಾ ಕೊಡ್ತಾರೇನು?"

"ಹಾಗಲ್ಲ ಮಾವ. ಕರಡಿ, ಮೊಲ, ನರಿ, ಹೀಗೆ ವೇಷ ಹಾಕ್ಕೊಂಡವರು ಇರ್ತಾರೆ. ನಾವು ತಿಂಡಿ ತಿಂತಾ ಇದ್ದರೆ ಅವರು ಒಂದೊಂದೇ ಟೇಬಲ್ಲಿಗೆ ಬಂದು ಮಕ್ಕಳ ಕೈ ಕುಲುಕ್ತಾರೆ, ಫೋಟೋ ತೆಗೆಸ್ಕೋತಾರೆ, ಆಟೋಗ್ರಾಫ್ ಹಾಕ್ತಾರೆ."

"ಅಂದ್ರ ಕ್ಯಾರೆಕ್ಟರ್ ಸರ್ಟಿಫಿಕೇಟ್ ಏನೂ ಕೇಳಂಗಿಲ್ಲ?"

"ಇಲ್ಲ ಮಾವ."

"ಹಂಗಾದ್ರ ನಿಮ್ಮ ಅತ್ತಿನೂ ಬರಬಹುದು," ಎಂದು ಅವರು ಮತ್ತೆ ಪೇಪರ್ ಎತ್ತಿಕೊಂಡರು.

ಬುಕಿಂಗ್

ಪಾರ್ಕಿನ ವೆಬ್‌ಸೈಟಿನಲ್ಲಿ ವೆಜಿಟೇರಿಯನ್ ಅಂತ ಒತ್ತಿದರೆ ಆಮ್ಲೆಟ್ ಚಿತ್ರ ಬರುತ್ತಿತ್ತು. ನನಗೆ ಧೈರ್ಯ ಸಾಲದೆ ಫೋನೇ ಮಾಡಿದೆ. ಮೊಮ್ಮಗಳು ನನ್ನ ತೊಡೆಯೇರಿ ಫೋನಿಗೆ ಕಿವಿ ಹಚ್ಚಿ ಕೂತಳು. ನಮ್ಮ ಮನೆಯವರು ಕರೆಯದಿದ್ದರೂ ಬಂದು ಹಿಂದೆ ನಿಂತರು.

ಫೋನಿನಲ್ಲಿದ್ದ ಹುಡುಗಿ ಬಹಳ ವಿನಯದವಳು. ಮೊಟ್ಟೆ ಇಲ್ಲದ ತಿಂಡಿಗೆ ಒಪ್ಪಿದಳು. "ಯಾರಿಗಾದರೂ ಅಲರ್ಜಿ?" ಎಂದು ಕೇಳಿದಳು.

"ಇಲ್ಲಮ್ಮ," ಅಂದೆ.

ಹಿಂದಿನಿಂದ ದನಿ ಬಂತು: "ಬದನೀಕಾಯಿ! ಬದನೀಕಾಯಿ ತಿಂದ್ರ ನನಗ ಮೈಯೆಲ್ಲ ತುರಸ್ತದ, ಹೇಳು ಆಕಿಗೆ."

ಬೆಳಗಿನ ತಿಂಡಿಗೆ ಬದನೆಕಾಯಿ ಯಾರು ಮಾಡುತ್ತಾರೆ ಎಂದು ನಾನು ಕಣ್ಣು ಬಿಟ್ಟರೂ ಕೇಳಲಿಲ್ಲ. ಹೇಳಿದೆ. ಹುಡುಗಿ ಬರೆದುಕೊಂಡಳು. ಅಷ್ಟರಲ್ಲಿ ಮೊಮ್ಮಗಳು ನನ್ನ ಕಿವಿಯಲ್ಲಿ, "ಅಜ್ಜೀ, ಕರಡಿ ಏನು ತಿನ್ನುತ್ತೆ ಕೇಳು," ಅಂದಳು. ಕೇಳಿದೆ.

"ಕರಡಿ ತಿನ್ನುವುದಿಲ್ಲ ಮೇಡಂ. ಡ್ಯೂಟಿ ಮೇಲೆ ಇರುತ್ತೆ."

ನನಗೆ ಇದು ಸರಿ ಕಾಣಲಿಲ್ಲ. ಬೆಳಗಿನ ಹೊತ್ತು, ಎದುರಿಗೆ ಬಂದು ನಿಂತವರಿಗೆ ಏನೂ ಕೊಡದೆ ನಾವೇ ತಿನ್ನುತ್ತ ಕೂರುವುದು ಹೇಗೆ? "ಹಾಗನ್ನಬೇಡಮ್ಮ, ಅದಕ್ಕೂ ಒಂದು ಪ್ಲೇಟ್ ಇಡಿ. ನಾವು ತಿನ್ನೋದನ್ನೇ ಕೊಡಿ," ಅಂದೆ.

ಆ ಕಡೆಯಿಂದ ಕೀಬೋರ್ಡಿನ ಟಕಟಕ ಕೇಳಿಸಿತು. ಆಮೇಲೆ, "ನೋಟ್ ಮಾಡಿಕೊಳ್ಳುತ್ತೇನೆ ಮೇಡಂ," ಅಂದಳು.

ಮಾಡಿಕೊಂಡಿದ್ದಳು. ಸಂಜೆ ಇಮೇಲ್ ಬಂದಾಗ ಸೊಸೆ ಜೋರಾಗಿ ಓದಿದಳು: "ದೊಡ್ಡವರು ಇಬ್ಬರು, ಮಗು ಒಂದು, ಕರಡಿ ಒಂದು. ಎಲ್ಲರೂ ವೆಜಿಟೇರಿಯನ್. ಬದನೆಕಾಯಿ ಯಾರಿಗೂ ಬೇಡ."

ಪಾರ್ಸೆಲ್ ಬಂದದ್ದು

ಬುಕಿಂಗ್ ಆದ ಮೇಲೆ ಮೊಮ್ಮಗಳ ಕುಣಿತ ಹೆಚ್ಚಾಯಿತು. ಆದರೆ ಬೆಳಿಗ್ಗೆ ಜಡೆ ಹಾಕುವಾಗ ಬೇರೆಯೇ ಮಾತು ಶುರುವಾಯಿತು. "ಅಜ್ಜೀ, ಕರಡಿ ಬಾಗಿಲಿನಷ್ಟು ದೊಡ್ಡದಾ?" "ಅಜ್ಜೀ, ಅದು ಮುಟ್ಟಲೇಬೇಕಾ?" ನನಗೆ ಅರ್ಥವಾಯಿತು. ಹೋದ ಕ್ರಿಸ್‌ಮಸ್ಸಿಗೆ ಸ್ಕೂಲಿಗೆ ಕೆಂಪು ಕೋಟಿನ ತಾತ ಬಂದಾಗ ಇವಳು ಕೋಟು ನೇತುಹಾಕುವ ಗೂಟಗಳ ಹಿಂದೆ ಅವಿತು ಅತ್ತಿದ್ದಳು. ಗೆಳತಿಯೊಬ್ಬಳು "ಬೇಬಿ" ಅಂದುಬಿಟ್ಟಿದ್ದಳು. ಆ ಮಾತು ಒಳಗೆಲ್ಲೋ ಕೂತಿತ್ತು. ಕರಡಿ ನೋಡುವ ಆಸೆಯೂ ಅಷ್ಟೇ, ಅಳುಕೂ ಅಷ್ಟೇ.

"ಅಭ್ಯಾಸ ಮಾಡಿಸಿದ್ರ ಅಂಜಿಕಿ ಹೋಗತದ," ಎಂದು ನಮ್ಮ ಮನೆಯವರು ಮುಂದಾದರು. ಒಳಗೆಲ್ಲ ಕಂದು ರೋಮವಿದ್ದ ನನ್ನ ಚಳಿಗಾಲದ ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡರು. ತಲೆಗೆ ಮಂಕಿ ಕ್ಯಾಪು. ಅದಕ್ಕೆ ನಾನು ಹಳೆಯ ಕಾಲುಚೀಲದ ಎರಡು ಕಿವಿ ಹೊಲಿದೆ. ಕೈಗೆ ಅಡುಗೆಮನೆಯ ಓವನ್ ಗ್ಲೌಸು. ಹೀಗೆ ಗುರ್ ಎನ್ನುತ್ತ ನಡುಮನೆಗೆ ಬಂದರೆ ಮೊಮ್ಮಗಳು ಒಂದು ಕ್ಷಣ ನೋಡಿ, "ಅಜ್ಜಾ, ಕರಡಿ ಕನ್ನಡಕ ಹಾಕಲ್ಲ," ಅಂದಳು.

ಕನ್ನಡಕ ತೆಗೆದು ಮತ್ತೆ ಗುರ್ ಎನ್ನುವಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಕಣ್ಣು ಸರಿಯಾಗಿ ಕಾಣದೆ, ತಾವು ಏನು ಹಾಕಿಕೊಂಡಿದ್ದೇವೆ ಎಂಬುದನ್ನೂ ಮರೆತು ಹೋಗಿ ಬಾಗಿಲು ತೆಗೆದರು. ಪಾರ್ಸೆಲ್ ತಂದವನು ಈ ಊರಿನಲ್ಲಿ ಏನೇನೋ ನೋಡಿದವನಿರಬೇಕು. ಕಣ್ಣು ಕೂಡ ಮಿಟುಕಿಸದೆ ಡಬ್ಬಿಯನ್ನು ಎರಡು ಗ್ಲೌಸುಗಳ ಮೇಲಿಟ್ಟು, ತಲುಪಿಸಿದ್ದಕ್ಕೆ ಸಾಕ್ಷಿಯಾಗಿ ಒಂದು ಫೋಟೋ ತೆಗೆದುಕೊಂಡು ಹೋದ.

ಆ ಫೋಟೋ ಹೋಗುವುದು ಆರ್ಡರ್ ಮಾಡಿದವರಿಗೆ. ಆರ್ಡರ್ ಮಾಡಿದವಳು ಸೊಸೆ. ಸೊಸೆ ಆಗ ಆಫೀಸಿನ ಮೀಟಿಂಗಿನಲ್ಲಿ ತನ್ನ ಸ್ಕ್ರೀನನ್ನು ಎಲ್ಲರಿಗೂ ತೋರಿಸುತ್ತ ಏನೋ ವಿವರಿಸುತ್ತಿದ್ದಳು. ನಡುವೆ ಟಣ್ ಎಂದು "ನಿಮ್ಮ ಪಾರ್ಸೆಲ್ ಮನೆಯವರ ಕೈಗೆ ತಲುಪಿದೆ" ಎಂಬ ಸಂದೇಶ, ಅದರ ಕೆಳಗೆ ಈ ಚಿತ್ರ.

"ಯಾರದು?" ಎಂದು ಮ್ಯಾನೇಜರ್ ಕೇಳಿದರಂತೆ. ಗಾಬರಿಯಲ್ಲಿ ಇವಳ ಬಾಯಿಂದ ನಿಜವೇ ಬಂತು: "ನಮ್ಮ ಮಾವ."

ಯಾರೂ ನಗಲಿಲ್ಲವಂತೆ. ಮೀಟಿಂಗ್ ಮುಗಿದ ಮೇಲೆ ಒಬ್ಬಾಕೆ ಹತ್ತಿರ ಬಂದು ಮೆಲ್ಲಗೆ, "ಕೂದಲಿನ ಆ ತೊಂದರೆಗೆ ನಮ್ಮ ಜಿಪಿ ಡಾಕ್ಟರು ಬಹಳ ಒಳ್ಳೆಯವರು, ನಂಬರ್ ಬೇಕಾ?" ಅಂದಳಂತೆ.

ದಾರಿ ಗಟ್ಟಿ ಮಾಡಿಕೊಂಡದ್ದು

"ಬಸ್ ಓಡಿಸಿದವಗ ಫೋನ್ ದಾರಿ ಹೇಳಬೇಕೇನು?" ಎಂದು ನಮ್ಮ ಮನೆಯವರು ಮ್ಯಾಪು ನೋಡಲು ಒಪ್ಪಲಿಲ್ಲ. ಒಂದು ದಿನ ಮುಂಚಿತವಾಗಿ ತಾವೊಬ್ಬರೇ ಪಾರ್ಕಿನತನಕ ಹೋಗಿ ದಾರಿ ನೋಡಿ ಬರುವುದೆಂದು ಹೊರಟರು. ನಾನು ಚಪಾತಿಗೆ ಶೇಂಗಾ ಚಟ್ನಿ ಸವರಿ ಸುತ್ತಿಕೊಟ್ಟೆ. ಮೊಮ್ಮಗಳು ಕಿಟಕಿಯಿಂದ ಕೈ ಬೀಸಿ ಬೀಳ್ಕೊಟ್ಟಳು.

ಸಂಜೆ ಬಂದರು. ಮುಖ ಅರಳಿತ್ತು. ಎರಡನೆಯ ಬಸ್ಸಿನ ಡ್ರೈವರ್ ಇವರ ಹಳೆಯ ಡಿಪೋ ಗೆಳೆಯನಂತೆ! ಇವರು ಮುಂದಿನ ಸೀಟಿನಲ್ಲೇ ಕೂತರಂತೆ. ಕೊನೆಯ ಸ್ಟಾಪಿನಲ್ಲಿ ಇಬ್ಬರೂ ಚಹಾ ಕುಡಿದರಂತೆ, ನನ್ನ ಚಪಾತಿ ಹಂಚಿಕೊಂಡರಂತೆ. ಮಾತು ಮುಗಿಯದ್ದರಿಂದ ವಾಪಸ್ಸೂ ಅದೇ ಬಸ್ಸಿನಲ್ಲಿ ಬಂದರಂತೆ.

"ದಾರಿ ಹೆಂಗದ?" ಅಂತ ಕೇಳಿದೆ.

"ಫಸ್ಟ್ ಕ್ಲಾಸ್."

"ಎಷ್ಟು ಹೊತ್ತು ಹಿಡೀತದ?"

"ಗೊತ್ತ ಆಗಂಗಿಲ್ಲ, ಹಂಗ ಮುಟ್ಟಿಬಿಡ್ತೀವಿ."

ಮೊಮ್ಮಗಳು ಅವರ ಮೊಣಕಾಲು ಹಿಡಿದು, "ಅಜ್ಜಾ, ಪಾರ್ಕು? ಪಾರ್ಕು ಹೇಗಿದೆ?" ಎಂದು ಕೇಳಿದಳು.

ಅವರು ಟೋಪಿ ತೆಗೆದರು, ತಲೆ ಕೆರೆದುಕೊಂಡರು. "ಪಾರ್ಕು ಹೋಗೂ ಮುಂದ ಎಡಕ್ಕ ಇತ್ತಂತ, ಬರೂ ಮುಂದ ಬಲಕ್ಕ ಇತ್ತಂತ. ಎರಡೂ ಸಲ ನಾ ಅವನ ಮಾರಿ ನೋಡ್ಕೋತ ಕೂತಿದ್ದೆ."

ಪಾಳಿ

ಕೊನೆಗೆ ಆ ಬೆಳಗು ಬಂತು. ಮೊಮ್ಮಗಳು ಹಳದಿ ಫ್ರಾಕು ಹಾಕಿ, ತಲೆಗೊಂದು ಕಿರೀಟ ಸಿಕ್ಕಿಸಿ, ಹಾಲು ಕೂಡ ಕುಡಿಯದೆ ಬಾಗಿಲಲ್ಲಿ ನಿಂತಿದ್ದಳು. "ಎಲ್ಲರೂ ಡ್ರೆಸ್ ಅಪ್ ಮಾಡಬೇಕು, ನೀನೂ," ಎಂದು ನನಗೂ ಆಜ್ಞೆಯಾಯಿತು. ನಾನು ಸುಮ್ಮನಿರುವವಳೇ? ಇಳಕಲ್ ಸೀರೆ ಉಟ್ಟೆ. ಹಣೆಗೆ ದೊಡ್ಡ ಕುಂಕುಮ, ಮೂಗಿಗೆ ನತ್ತು, ಕೈ ತುಂಬ ಹಸಿರು ಬಳೆ, ವೆಂಬ್ಲಿಯ ಅಂಗಡಿಯಿಂದ ತಂದ ಮಲ್ಲಿಗೆ ಮುಡಿಗೆ. ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಲಂಡನ್ನಿನ ಬಸ್ಸಿನಲ್ಲಿ ಆನೆ ಹತ್ತಿದರೂ ಯಾರೂ ತಿರುಗಿ ನೋಡುವುದಿಲ್ಲ.

ಪಾರ್ಕಿನ ಊಟದ ಹಾಲ್ ನೋಡಿ ನನಗೇ ಕುಣಿಯುವ ಹಾಗಾಯಿತು. ಬಣ್ಣದ ದೀಪ, ವಾದ್ಯ, ಬೆಣ್ಣೆ ಹಚ್ಚಿದ ಟೋಸ್ಟಿನ ವಾಸನೆ, ಎಲ್ಲಿ ನೋಡಿದರೂ ಮಕ್ಕಳ ಕೇಕೆ. ಮೊಲ ಬಂದು ಹೋಯಿತು, ನರಿ ಬಂದು ಬಾಲ ಅಲ್ಲಾಡಿಸಿತು. ಕರಡಿ ದೂರದಿಂದ ಒಂದೊಂದೇ ಟೇಬಲ್ ದಾಟಿ ಬರುತ್ತಿತ್ತು. ನಿಜಕ್ಕೂ ಬಾಗಿಲಿನಷ್ಟು ದೊಡ್ಡದು! ಮೊಮ್ಮಗಳು ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕಣ್ಣು ಮಾತ್ರ ಕರಡಿಯ ಮೇಲಿಂದ ಕದಲಲಿಲ್ಲ.

ಇನ್ನೇನು ಪಕ್ಕದ ಟೇಬಲ್ ಮುಗಿಸಿ ನಮ್ಮ ಕಡೆ ತಿರುಗಬೇಕು, ಅಷ್ಟರಲ್ಲಿ ಹಸಿರು ಅಂಗಿಯ ಕೆಲಸದ ಹುಡುಗಿಯೊಬ್ಬಳು ಬಂದು ಕರಡಿಯ ಕಿವಿಯಲ್ಲಿ ಏನೋ ಹೇಳಿದಳು. ಕರಡಿ ಎಲ್ಲರಿಗೂ ಕೈ ಬೀಸಿ ಒಳಬಾಗಿಲಿನಿಂದ ಮಾಯವಾಯಿತು. ಬ್ರೇಕಂತೆ.

ಮೊಮ್ಮಗಳು ಅಳಲಿಲ್ಲ. ಕಿರೀಟ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟಳು.

"ಬರತದ ತಡಿ, ನೀರು ಕುಡೀಲಿಕ್ಕೆ ಹೋಗಿರಬೇಕು," ಎಂದು ಅಜ್ಜ ಸಮಾಧಾನ ಹೇಳುತ್ತಿದ್ದಾಗಲೇ ನನ್ನ ಪಕ್ಕದಲ್ಲಿ ಒಂದು ಪುಟ್ಟ ಆಂಗ್ಲ ಮಗು ಬಂದು ನಿಂತಿತು. ಕೈಯಲ್ಲಿ ಆಟೋಗ್ರಾಫ್ ಪುಸ್ತಕ, ಪೆನ್ನು. ನನ್ನ ನತ್ತನ್ನೇ ನೋಡುತ್ತ, "ಪ್ಲೀಸ್," ಅಂದಿತು. ಹಿಂದೆ ನಿಂತ ತಾಯಿ ನಾಚಿಕೊಂಡು ಕೇಳಿದಳು, "ಕ್ಷಮಿಸಿ, ನಮಗೆ ಹೊಸ ಕ್ಯಾರೆಕ್ಟರ್‌ಗಳು ಗೊತ್ತಿಲ್ಲ. ಇವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು, "ಇವರು ಅಜ್ಜಿ," ಅಂದಳು.

"ಓ, ಅಜ್ಜಿ!" ಎಂದು ತಾಯಿ ಎಲ್ಲ ತಿಳಿದವಳಂತೆ ತಲೆಯಾಡಿಸಿದಳು. ಮಗುವಿನ ಮುಖ ನೋಡಿ ನನಗೆ ಇಲ್ಲ ಅನ್ನಲಾಗಲಿಲ್ಲ. ಕನ್ನಡದಲ್ಲಿ ದುಂಡಗೆ "ಅಜ್ಜಿ" ಎಂದು ಬರೆದುಕೊಟ್ಟೆ. ಅದು ಕುಣಿಯುತ್ತ ಹೋಗಿ ಎಲ್ಲರಿಗೂ ತೋರಿಸಿತು. ತಲೆ ಎತ್ತಿದರೆ ಎದುರಿಗೆ ಇನ್ನಿಬ್ಬರು, ಅವರ ಹಿಂದೆ ನಾಲ್ವರು. ನೋಡನೋಡುತ್ತಿದ್ದಂತೆ ಮಕ್ಕಳು ಮುತ್ತಿಕೊಂಡುಬಿಟ್ಟರು. ನಮ್ಮ ಮನೆಯವರಿಗೆ ಹುರುಪು ಬಂದಿತು. ಎದ್ದು ನಿಂತು, "ಪಾಳಿ ಹಚ್ರಿ, ಪಾಳಿ ಹಚ್ರಿ!" ಎಂದು ಎರಡೂ ಕೈ ಆಡಿಸಿದರು. ನಮ್ಮ ಕಡೆ ಕ್ಯೂಗೆ ಪಾಳಿ ಅನ್ನುತ್ತೇವೆ. ಒಂದಕ್ಷರ ತಿಳಿಯದಿದ್ದರೂ ಇಂಗ್ಲಿಷರ ಮಕ್ಕಳಲ್ಲವೇ, ಕ್ಯೂ ಎಂಬುದು ರಕ್ತದಲ್ಲೇ ಇದೆ, ಸರಸರ ಸಾಲಾಗಿ ನಿಂತವು. ಮೊಮ್ಮಗಳು ಕುರ್ಚಿಯಿಂದ ಇಳಿದು ಕಿರೀಟ ಮತ್ತೆ ಹಾಕಿಕೊಂಡು ಸಾಲಿನ ಉಸ್ತುವಾರಿ ವಹಿಸಿಕೊಂಡಳು.

ಹಸಿರು ಅಂಗಿಯ ಹುಡುಗಿ ಓಡಿ ಬಂದಳು. ನನ್ನನ್ನು ಮೇಲಿನಿಂದ ಕೆಳಗಿನತನಕ ನೋಡಿ, ದನಿ ತಗ್ಗಿಸಿ, "ಬಹಳ ಚೆನ್ನಾಗಿ ಮಾಡುತ್ತಿದ್ದೀರಿ. ಆದರೆ ಡ್ಯೂಟಿಯಲ್ಲಿ ತಿನ್ನುವ ಹಾಗಿಲ್ಲ, ಗೊತ್ತಲ್ಲ?" ಎಂದು ನನ್ನ ಎದುರಿದ್ದ ಟೋಸ್ಟಿನ ತಟ್ಟೆ ಎತ್ತಿಕೊಂಡು ಹೋದಳು.

ಆಗ ಒಳಬಾಗಿಲು ತೆರೆಯಿತು. ಕರಡಿ! ಹೊರಗೆ ಬಂದು ನೋಡುತ್ತದೆ, ತನ್ನ ಜನವೆಲ್ಲ ನನ್ನ ಮುಂದಿದೆ. ಎರಡೂ ಕೈ ಅಗಲಿಸಿ, ಧಪಧಪ ಹೆಜ್ಜೆ ಹಾಕುತ್ತ, ಸಾಲಿನ ಪಕ್ಕದಿಂದ ನೇರವಾಗಿ ನಮ್ಮ ಟೇಬಲ್ಲಿಗೆ ಬಂತು. ನನ್ನ ಪೆನ್ನು ನಿಂತಿತು. ಇವಳು ಈಗ ಅಳುತ್ತಾಳೆ, ಈಗ ಓಡುತ್ತಾಳೆ ಎಂದುಕೊಂಡು ಅರ್ಧ ಎದ್ದೆ.

ಮೊಮ್ಮಗಳು ಕದಲಲಿಲ್ಲ. ಆ ಬೆಟ್ಟದಂಥ ಕರಡಿಯ ಎದುರಿಗೆ ಅಂಗೈ ಚಾಚಿ ನಿಂತು, ಇಂಗ್ಲಿಷನ್ನೆಲ್ಲ ಬಿಟ್ಟು, ಅಪ್ಪಟ ಅಜ್ಜನ ದನಿಯಲ್ಲಿ ಗದರಿದಳು: "ಏ! ಪಾಳಿ ಹಚ್ಚು!"

ಕರಡಿ ನಿಂತುಬಿಟ್ಟಿತು. ಅಂಗೈ ನೋಡಿತು, ಸಾಲು ನೋಡಿತು. ಆಮೇಲೆ ತಲೆ ತಗ್ಗಿಸಿಕೊಂಡು ಹೋಗಿ, ಎಲ್ಲರಿಗಿಂತ ಹಿಂದೆ, ಕೈಕಟ್ಟಿ ನಿಂತುಕೊಂಡಿತು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಪಾಳಿ ಬಂದಾಗ ಅದು ಮೊಮ್ಮಗಳ ಜೊತೆಯಲ್ಲೇ ಮುಂದೆ ಬಂದು ಒಂದು ಪೇಪರ್ ನ್ಯಾಪ್ಕಿನ್ ಚಾಚಿತು. ನಾನು ಅದರ ಮೇಲೂ ಅಜ್ಜಿ ಎಂದು ಬರೆದುಕೊಟ್ಟೆ.

ಸಂಜೆ ಸೊಸೆ ಕೆಲಸದಿಂದ ಬಂದವಳೇ ಬ್ಯಾಗು ಇಳಿಸುವ ಮೊದಲು ಮಗಳನ್ನು ಎತ್ತಿಕೊಂಡು ಕೇಳಿದಳು, "ಪುಟ್ಟೀ, ಕರಡಿ ನೋಡಿ ಹೆದರಿಕೆ ಆಯ್ತಾ?"

"ನನಗಿಲ್ಲ ಮಮ್ಮಿ," ಅಂದಳು ಮೊಮ್ಮಗಳು. "ಕರಡಿಗೆ ಅಜ್ಜಿ ಹತ್ತಿರ ಹೋಗಕ್ಕೆ ಸ್ವಲ್ಪ ಹೆದರಿಕೆ ಆಯ್ತು. ಪಾಪ, ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋದೆ."